ಆರನೇ ಬಿರಡೆ

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಆರನೇ ಬಾಟಲಿಯೂ ಜಾಡಿಗೆ ಖಾಲಿಯಾಯಿತು. ಅದನ್ನು ಅಕ್ಕ ಮೂಸಿರಲಿಲ್ಲ.

ಮೊದಲ ಐದನ್ನು ಮೂಸಿದ್ದಳು. ಒಂದೊಂದನ್ನೂ ತೆರೆದು, ಒಂದು ಗುಟುಕಿನಷ್ಟನ್ನು ಸಣ್ಣ ಲೋಟಕ್ಕೆ ಬಗ್ಗಿಸಿ, ಮೂಗಿಗೆ ಹಿಡಿದು, ಬಾಯೊಳಗೆ ಒಂದು ಸುತ್ತು ತಿರುಗಿಸಿ, ಪಕ್ಕದ ಡಬ್ಬಿಗೆ ಉಗುಳಿ, ಆಮೇಲಷ್ಟೇ ಐದು ಲೀಟರಿನ ಗಾಜಿನ ಜಾಡಿಗೆ ಸುರಿಯುವುದು ಅವಳ ಕ್ರಮ. ಹಳೆಯ ವೈನು ಒಂದು ಬಾಟಲಿಯಲ್ಲಿದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಬೆರೆಸಿದರೆ ಒಂಬತ್ತು ಮೇಜಿಗೂ ಒಂದೇ ರುಚಿ ಹೋಗುತ್ತದೆ. ಆದರೆ ಆರರಲ್ಲಿ ಒಂದು ಕೆಟ್ಟಿದ್ದರೆ ಆರೂ ಕೆಟ್ಟ ಹಾಗೆ. ಒಂದು ಹನಿ ಹುಳಿ ಸಾಕು, ಒಂದು ಕೊಡ ಹಾಲಿಗೆ. ಈ ಮಾತನ್ನು ಇಪ್ಪತ್ತಮೂರು ವರ್ಷಗಳಿಂದ ಈ ಹೋಟೆಲಿನಲ್ಲಿ ಬಡಿಸಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತ ಬಂದವಳು ಅವಳು. ಅವಳಿಗೆ ಐವತ್ತೊಂದು. ಅಡುಗೆ ಅವಳ ತಮ್ಮನದು, ಹೊರಗಿನ ಊಟದ ಕೋಣೆಯ ಮೇಜುಗಳ ಉಸ್ತುವಾರಿ ತಮ್ಮನ ಹೆಂಡತಿಯದು, ವೈನು ಅವಳದು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಐದನೆಯದನ್ನು ಉಗುಳಿರಲಿಲ್ಲ. ನುಂಗಿದ್ದಳು. ನುಂಗಿದ ಮೇಲೆ ಡಬ್ಬಿಯ ಕಡೆ ನೋಡಿ, ತಾನೇನು ಮಾಡಿದೆ ಎಂದು ಗೊತ್ತಾಗಿ, ಯಾರಾದರೂ ಕಂಡರೋ ಎಂದು ಬಾಗಿಲ ಕಡೆ ತಿರುಗಿದಾಗ ಕಂಡದ್ದು ಹೊರಗಿನ ಮೇಜುಗಳ ಮೇಲೆ ಎದ್ದುನಿಂತಿದ್ದ ಬಿಳಿ ಲಿಲ್ಲಿ ಹೂಗಳು. ಮೇಜಿಗೊಂದು ಹೂದಾನಿ. ಅವುಗಳ ವಾಸನೆ ಬಾಗಿಲು ದಾಟಿ ವೈನಿನ ಕೋಣೆಯೊಳಕ್ಕೆ, ಕರೆಯದೆ ಬಂದ ನೆಂಟರ ಹಾಗೆ, ಬಂದು ಕೂತಾಗಿತ್ತು.

"ಇದೇನೇ ಇದು?"

"ಹೂ, ಅಕ್ಕ," ಎಂದಳು ತಮ್ಮನ ಹೆಂಡತಿ.

"ಹೂ ಅಂತ ನನಗೂ ಗೊತ್ತು. ಮೂವತ್ತಾರು ಜನ ವೈನ್ ಮೂಸೋಕೆ ಬರ್ತಿದ್ದಾರೆ. ಇಲ್ಲಿ ನೋಡಿದ್ರೆ ಅತ್ತರಿನ ಅಂಗಡಿ ಆಗಿದೆ."

"ಮೂಸೋಕೆ ಯಾರೂ ಬರಲ್ಲ ಅಕ್ಕ. ಊಟಕ್ಕೆ ಬರ್ತಾರೆ. ಫೋಟೋ ತೆಗೀತಾರೆ. ಬೋಳು ಮೇಜನ್ನ ಯಾರು ತೆಗೀತಾರೆ?"

"ಎತ್ತು ಮೊದಲು. ಎಲ್ಲಾನೂ ಎತ್ತು."

"ಒಂದೆರಡಾದ್ರೂ ಇರ್ಲಿ..."

"ತಾಯೀ, ಕೈ ಮುಗೀತೀನಿ. ಎತ್ತು."

ಅವಳು ಎತ್ತುವವರೆಗೆ ಕಾಯುವ ತಾಳ್ಮೆ ಅಕ್ಕನಿಗಿರಲಿಲ್ಲ. ಒಂಬತ್ತರಲ್ಲಿ ಐದನ್ನು ತಾನೇ ಎದೆಗವಚಿಕೊಂಡು ಹಿತ್ತಲಿಗೆ ಸಾಗಿಸಿದಳು. ಹಾಗೆ ಸಾಗಿಸುವಾಗ ಒಂದು ಮೇಜಿನ ಮೇಲೆ ಆ ದಿನದ ಊಟದ ಕಾರ್ಡು ಕಣ್ಣಿಗೆ ಬಿತ್ತು. ಇಟಲಿಯ ಊಟ, ಒಂದೇ ಮನೆತನದ ವೈನು. ಐದು ತಟ್ಟೆ, ಐದು ವೈನು. ಬರೆದವಳು ತಮ್ಮನ ಹೆಂಡತಿ. ನಾಲ್ಕನೇ ವೈನಿನ ಎದುರು ಹೀಗಿತ್ತು: 'ಕಾಡುಹಾದಿಯ ನೆನಪು, ಹಳೆಯ ತೊಗಲಿನ ಪಿಸುಮಾತು.' ಅದು ಈ ಜಾಡಿಯ ವೈನೇ; ಕಾರ್ಡು ಬರೆಯುವಾಗ ಈ ಹೋಟೆಲಿನಲ್ಲಿ ಅದನ್ನು ಯಾರೂ ಕುಡಿದೇ ಇರಲಿಲ್ಲ. "ತೊಗಲು ಪಿಸುಗುಟ್ಟಿದ್ದನ್ನ ನೀನು ಎಲ್ಲಿ ಕೇಳಿದೆ?" ಎಂದು ಕೇಳಬೇಕೆಂದಿದ್ದಳು, ಕೇಳಲಿಲ್ಲ, ಕೇಳಿದರೆ ಅದಕ್ಕೂ ಉತ್ತರ ಬರುತ್ತಿತ್ತು. ವಾಪಸು ಬಂದಾಗ ಅವಳ ಬೆರಳುಗಳಿಗೆಲ್ಲ ಲಿಲ್ಲಿಯ ಕೇಸರಿ ಪುಡಿ ಮೆತ್ತಿತ್ತು. ಒರೆಸಿದಷ್ಟೂ ಹರಡಿತು. ಆರನೇ ಬಾಟಲಿ ಬಿರಡೆ ತೆಗೆದು ಕಾದಿತ್ತು. ಈ ಮೂಗಿನಲ್ಲಿ ಮೂಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ ಎಂದುಕೊಂಡಳೋ, ಏನೂ ಅಂದುಕೊಳ್ಳಲೇ ಇಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ಸುರಿದದ್ದಷ್ಟೇ ನೆನಪು. ಕೊನೆಯ ಹನಿ ಬೀಳುವವರೆಗೆ ಬಾಟಲಿಯ ತಳ ಹಿಡಿದು ನಿಂತದ್ದು, ಹೂ ಹೊರಗೆ ಹೋಗಿ ಗಾಳಿ ತಿಳಿಯಾದದ್ದು, ಬಿರಡೆಗಳನ್ನು ಬಿಳಿಯ ತಟ್ಟೆಯಲ್ಲಿ ಸಾಲಾಗಿ ಇಡಲು ಆರನೆಯದನ್ನು ಕೈಗೆತ್ತಿಕೊಂಡದ್ದು. ಆಗ ಬಂತು ವಾಸನೆ. ನೆನೆದು, ಮೂಲೆಯಲ್ಲೇ ಒಣಗಿ, ಮತ್ತೆ ನೆನೆದ ರಟ್ಟಿನ ಪೆಟ್ಟಿಗೆಯ ಮುಗ್ಗಲು. ಖಾಲಿ ಬಾಟಲಿಯ ಬಾಯಿಗೆ ಮೂಗಿಟ್ಟಳು. ಅಲ್ಲಿಯೂ ಅದೇ, ಇನ್ನೂ ಗಟ್ಟಿಯಾಗಿ. ಬಿರಡೆ ಕೆಟ್ಟು ವೈನಿಗೂ ಹತ್ತಿತ್ತು.

ಜಾಡಿಗೆ ಬಗ್ಗಿದಳು. ಜಾಡಿಯಲ್ಲಿ ಮುಗ್ಗಲು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಯಾರು ಮೂಸಿದರೂ ಬಿರಡೆ ಕೆಟ್ಟಿದೆ ಎಂದು ಹೇಳುತ್ತಿದ್ದರು, ಬಿರಡೆ ಕೆಡುವುದು ಯಾರ ತಪ್ಪೂ ಅಲ್ಲ. ಐದು ಪಾಲಿನಲ್ಲಿ ಕರಗಿದ ಒಂದು ಪಾಲು ಮುಗ್ಗಲು ತನ್ನ ವಾಸನೆ ತೋರಿಸುವುದಿಲ್ಲ, ಉಳಿದದ್ದರ ವಾಸನೆ ಕದಿಯುತ್ತದೆ, ಅಷ್ಟೆ. ಅರ್ಧ ಗಂಟೆಯ ಹಿಂದೆ ಅವಳಿಗೆ ಉಗುಳುವುದನ್ನೇ ಮರೆಸಿದ ಆ ವೈನು ಈಗ ಸಪ್ಪೆಯಾಗಿ, ಬಣ್ಣ ಮಾತ್ರ ಇಟ್ಟುಕೊಂಡು ಕೂತಿತ್ತು. ಯಾರು ಕುಡಿದರೂ ಅನ್ನುವುದು ಒಂದೇ: ವೈನೇ ಸರಿಯಿಲ್ಲ, ಮಾಡಿದವಳಿಗೆ ಬರುವುದಿಲ್ಲ.

ಮಾಡಿದವಳು ತೋಟದ ಯಜಮಾನರ ಮಗಳು. ಪೇಟೆಯಿಂದ ಒಂದು ಗಂಟೆಯ ದಾರಿಯಲ್ಲಿದ್ದ ಆ ದ್ರಾಕ್ಷಿ ತೋಟಕ್ಕೆ ಯಜಮಾನರ ಅಜ್ಜ ಇಟಲಿಯಿಂದ ಬಳ್ಳಿ ತಂದು ನೆಟ್ಟಿದ್ದರು. ಆ ದಿನದ ಊಟದ ಐದು ವೈನಿನಲ್ಲಿ ನಾಲ್ಕು ಯಜಮಾನರವು, ಒಂದು ಮಗಳದು. ಹನ್ನೊಂದು ವರ್ಷದ ಹಿಂದೆ ಯಜಮಾನರು ಕೊಯ್ಲಿನ ಹೊತ್ತಿಗೆ ಆಸ್ಪತ್ರೆಯಲ್ಲಿದ್ದಾಗ ಇಪ್ಪತ್ತಮೂರರ ಮಗಳು ಅವರು ಗುರುತು ಹಾಕಿಟ್ಟ ದಿನಕ್ಕೆ ಕೊಯ್ಯದೆ, ಹಣ್ಣು ಇನ್ನೂ ಮಾಗಬೇಕು ಎಂದು ಒಂಬತ್ತು ದಿನ ಕಾದಿದ್ದಳು. ಮನೆಗೆ ಬಂದ ಯಜಮಾನರು ಪೀಪಾಯಿಯಿಂದ ಒಂದು ಗುಟುಕು ಕುಡಿದು, ಇದನ್ನು ಮಾರಬೇಡ ಎಂದಿದ್ದರು. ಅಂದಿನಿಂದ ಕೊಯ್ಲಿನ ದಿನ ಅವರೇ ಹೇಳುವುದು. ಆ ವೈನಿನಲ್ಲಿ ಇನ್ನು ಉಳಿದದ್ದು ಈ ಆರು ಬಾಟಲಿ. ಇಂದು ರಾತ್ರಿ ಎಲ್ಲರ ಜೊತೆ ತಾನೂ ಕುಡಿಯುತ್ತೇನೆ, ಚೆನ್ನಾಗಿದ್ದರೆ ಈ ವರ್ಷ ಕೊಯ್ಲಿನ ದಿನ ನೀನು ಹೇಳು, ಎಂದು ಯಜಮಾನರು ಒಪ್ಪಿದ್ದರು. ಒಪ್ಪಿಸಿದವಳು ಅಕ್ಕನೇ; ಮೂರು ಸಲ ತೋಟಕ್ಕೆ ಹೋಗಿ ಬಂದಿದ್ದಳು.

ಆರನೇ ಬಿರಡೆಯನ್ನು ಅವಳು ತರಕಾರಿ ಸಿಪ್ಪೆಯ ಬುಟ್ಟಿಗೆ ಹಾಕಿದಳು. ಹಾಕಿ, ಮೇಲೆ ಈರುಳ್ಳಿ ಸಿಪ್ಪೆ ಎಳೆದಳು. ಕೈ ತಾನಾಗಿಯೇ ಆ ಕೆಲಸ ಮಾಡಿತು.

ತಮ್ಮನಿಗೆ ಹೇಳಿಬಿಡೋಣವೆಂದೇ, ಜಾಡಿಯಿಂದ ಒಂದು ಲೋಟ ಬಗ್ಗಿಸಿಕೊಂಡು, ಅಡುಗೆಮನೆಗೆ ಹೋದದ್ದು. ಅವನು ಬದನೆಕಾಯಿ ಬಿಲ್ಲೆಗಳ ಮೇಲೆ ಚೀಸ್ ತುರಿಯುತ್ತಿದ್ದ. ಮೂರನೇ ತಟ್ಟೆ ಅದು. ಹಿಂದೆ ದೊಡ್ಡ ಪಾತ್ರೆಯಲ್ಲಿ ನಾಲ್ಕನೇ ತಟ್ಟೆಯ ಮಾಂಸ ನಿನ್ನೆ ಸಂಜೆಯಿಂದ ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು.

"ಏನಕ್ಕಾ, ಹೂವಿಗೂ ನಿನಗೂ ಜಗಳವಂತೆ?"

"ನಿನ್ನ ಹೆಂಡತಿಗೆ ಬುದ್ಧಿ ಹೇಳು."

"ನನ್ನ ಮಾತು ಕೇಳೋರು ಈ ಮನೇಲಿ ಯಾರಿದ್ದಾರೆ? ಈ ಬದನೆಕಾಯಿ ಒಂದೇ." ತುರಿಯುವ ಕೈ ನಿಲ್ಲಿಸಿ ಅವಳ ಕೈಲಿದ್ದ ಲೋಟ ನೋಡಿದ. "ನಾಲ್ಕನೇದಾ? ತಾ."

ಅವಳು ಕೊಟ್ಟಳು. ಕೊಟ್ಟದ್ದೇ ಹೇಳಿದಂತಾಗಲಿ ಎಂಬ ಆಸೆ. ಅವನು ಕುಡಿದ, ಚಪ್ಪರಿಸಿದ, ಹುಬ್ಬು ಗಂಟು ಹಾಕಿದ.

"ಪರವಾಗಿಲ್ಲ. ಸ್ವಲ್ಪ ಸಪ್ಪೆ. ಯಜಮಾನ್ರು ಹನ್ನೊಂದು ವರ್ಷದಿಂದ ಹೇಳ್ತಿರೋದು ಸುಳ್ಳಲ್ಲ ಅನ್ಸುತ್ತೆ. ಪಾಪ ಹುಡುಗಿ."

"ಬಾಟಲಿ..." ಎಂದಳು ಅಕ್ಕ.

"ನೀನು ಮೂಸಿದ ಮೇಲೆ ಬಾಟಲಿ ತಪ್ಪಿಲ್ಲ ಬಿಡು," ಎಂದ ಅವನು, ಮತ್ತೆ ತುರಿಯತೊಡಗಿ. "ನಾನು ಮೂಸಿದ್ರೆ ಬೇರೆ ಮಾತು. ಆರನೇ ವಯಸ್ಸಿಗೇ ಒಂದು ಬೀದಿಯ ಹಾಲು ಒಡೆಸಿದವನು ನಾನು!"

ಅವನ ಹಳೆಯ ತಮಾಷೆ ಅದು. ಊಟಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಅಮ್ಮ ಬೀದಿಯ ಮನೆಗಳಿಂದ ಹಾಲು ಕೊಂಡು ನಲವತ್ತು ಲೀಟರಿನ ಕ್ಯಾನಿಗೆ ತುಂಬಿಸಿ ಲಾರಿಗೆ ಕೊಡುತ್ತಿದ್ದಳು. ಒಂದೊಂದು ಮನೆಯ ತಂಬಿಗೆಯನ್ನೂ ಮೂಗಿಗೆ ಹಿಡಿದೇ ಸುರಿಯುತ್ತಿದ್ದಳು. 'ಮೂಸಿ ಸುರಿ, ಸುರಿದು ಮೂಸಬೇಡ.' ಅಕ್ಕನ ಇಪ್ಪತ್ತಮೂರು ವರ್ಷದ ವಿದ್ಯೆಯೆಲ್ಲ ಆ ನಾಲ್ಕು ಪದ. ಅಮ್ಮನಿಗೆ ಜ್ವರ ಬಂದ ಒಂದು ಬೆಳಿಗ್ಗೆ ಸುರಿಯುವ ಕೆಲಸ ಹನ್ನೊಂದು ವರ್ಷದ ಹುಡುಗಿಗೆ ಬಿತ್ತು. ಕೈಲಿದ್ದ ಕಥೆಪುಸ್ತಕದಿಂದ ಕಣ್ಣು ಕೀಳದೆ ಒಂದು ತಂಬಿಗೆ ಸುರಿದಳು. ಲಾರಿಯವನು ಸಂಜೆ ಒಡೆದ ಹಾಲಿನ ಕ್ಯಾನನ್ನು ಹೊಸ್ತಿಲ ಮೇಲೆ ಕುಕ್ಕಿ ಹೋದ. ಅಮ್ಮ ಎದ್ದು ಬಂದಾಗ ಕ್ಯಾನಿನ ಮುಚ್ಚಳ ಹಿಡಿದು ನಿಂತಿದ್ದವನು ತಮ್ಮ; ಮುಚ್ಚಳವನ್ನು ತಾಳದ ಹಾಗೆ ಬಾರಿಸುವುದೆಂದರೆ ಅವನಿಗೆ ಇಷ್ಟ. ಮೂರು ಏಟು. ಮೂರನೆಯದಕ್ಕೆ ಅವನು "ಹೂಂ ಅಮ್ಮ, ನಾನೇ" ಎಂದ. ಹುಡುಗಿ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ನಿಂತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅವಳು ಬಹಳ ವರ್ಷ ನಂಬಿದ್ದಳು. ಅವನೂ ಹಾಗೇ, ಅಳು ನಿಂತ ಮೇಲೆ, ತಾನೇ ಸುರಿದದ್ದೆಂದು ನಂಬಿಬಿಟ್ಟ. ನಲವತ್ತು ವರ್ಷ ತಿರುಗಿಸಿ ತಿರುಗಿಸಿ ಹೇಳಿ, ಆ ತಂಬಿಗೆಯ ಭಾರ ಎಷ್ಟಿತ್ತು, ಯಾವ ಮನೆಯದು ಎಂಬುದನ್ನೂ ಸೇರಿಸಿಕೊಂಡಿದ್ದ.

ಗಂಟೆ ಐದೂಕಾಲು. ಕೋಣೆಗೆ ಹಿಂತಿರುಗಿ ಜಾಡಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. ವೈನು ಚೆಲ್ಲಿಹೋಯಿತು ಅನ್ನಬಹುದು. ಜಾಡಿ ಒಡೆಯಿತು ಅನ್ನಬಹುದು. ಒಡೆಯಲೂಬಹುದು, ಮೊಣಕೈ ಸ್ವಲ್ಪ ತಾಗಿಸಿದರೆ ಸಾಕು. ಲಿಲ್ಲಿ ಹೂವಿನ ಮೇಲೆ ಹಾಕಬಹುದು. ಇದರಲ್ಲಿ ಸುಳ್ಳೂ ಇಲ್ಲ: ಹೂ ಇಲ್ಲದಿದ್ದರೆ ಅವಳು ಎದ್ದು ಹೋಗುತ್ತಿರಲಿಲ್ಲ. ಕೋಪ ಏರಿತು, ಒಂದು ನಿಮಿಷ ಹಾಯೆನಿಸಿತು, ಇಳಿಯಿತು. ಇಳಿದ ಜಾಗದಲ್ಲಿ ಕನ್ನಡಕದವರು ನಿಂತಿದ್ದರು. ಎಂಟು ವರ್ಷದ ಹಿಂದೆ ಇಲ್ಲಿ ಬಡಿಸುತ್ತಿದ್ದ, ಐವತ್ತೈದು ದಾಟಿದ ಮನುಷ್ಯ. ಒಂದು ದಿನ ಒಂದು ಬಾಟಲಿಯನ್ನು ಮೂಸದೆ ಗಿರಾಕಿಯ ಲೋಟಕ್ಕೆ ಬಗ್ಗಿಸಿದರು. ಅವಳು ಅದೇ ಮೇಜಿನ ಪಕ್ಕ, ಆರು ಜನರೆದುರು, "ನಿಮ್ಮ ಮೂಗನ್ನ ಬಾಡಿಗೆಗೆ ಕೊಟ್ಟಿದ್ದೀರಾ?" ಎಂದಿದ್ದಳು. ಗಿರಾಕಿಗಳು ನಕ್ಕಿದ್ದರು, ಅವಳಿಗೂ ತನ್ನ ಮಾತು ಚೆನ್ನಾಗಿದೆ ಎನಿಸಿತ್ತು. ತಿಂಗಳು ತುಂಬುವ ಮೊದಲೇ ಅವರು ಬಿಟ್ಟುಹೋದರು. ಈಗ ಬಸ್ ನಿಲ್ದಾಣದ ಪಕ್ಕ ಬೀಗದ ಕೈ ಮಾಡಿಕೊಡುತ್ತಾರೆ. ದಿನಾ ಬೆಳಿಗ್ಗೆ ಕಂಡ ಕೂಡಲೇ, "ಏನಕ್ಕಾ, ಕೆಲಸಕ್ಕಾ?" ಎಂದು ಬಾಯ್ತುಂಬ ನಗುತ್ತಿದ್ದರು. ಆ ನಗುವಿನಲ್ಲಿ ಏನೂ ಇಲ್ಲವೆಂಬುದೇ ತಡೆಯಲಾಗದೆ ಅವಳು ಎರಡು ವರ್ಷದಿಂದ ಸುತ್ತುಬಳಸಿ ಹಿಂದಿನ ಬೀದಿಯಿಂದ ಬರುತ್ತಾಳೆ.

ಆರು ಗಂಟೆಗೆ ತೋಟದವರು ಬಂದರು. ಮಗಳು ನೇರ ವೈನಿನ ಕೋಣೆಗೆ ಬಂದಳು. ಅವಳ ಉಗುರುಗಳ ಅಂಚಿನಲ್ಲಿ ತೊಳೆದರೂ ಹೋಗದ ನೇರಳೆ ಕಲೆ ಇತ್ತು.

"ಹೇಗಿದೆ ಅಕ್ಕಾ?"

"ಗಾಳಿಯಾಡ್ತಾ ಇದೆ."

"ಒಂದು ಗುಟುಕು ನೋಡ್ಲಾ?" ಎಂದು ಕೈ ಚಾಚಿದವಳು ತಾನೇ ಹಿಂದೆ ತೆಗೆದಳು. "ಬೇಡ. ಅಪ್ಪನ ಜೊತೇಲೇ ಕುಡೀತೀನಿ. ಹನ್ನೊಂದು ವರ್ಷ ಕಾದಿದ್ದೀನಿ, ಒಂದೂವರೆ ಗಂಟೆ ಏನು ಮಹಾ? ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಳಿದಿಲ್ಲ ಅಕ್ಕ. ನಾನೊಬ್ಳು ಹುಚ್ಚಿ."

ಈಗ ಹೇಳಬೇಕಿತ್ತು. ಬಾಗಿಲಲ್ಲಿ ಯಜಮಾನರು ಕಾಣಿಸಿಕೊಂಡರು. ಎಪ್ಪತ್ತೆರಡರ ನೆಟ್ಟಗಿನ ಮನುಷ್ಯ. ಕೋಣೆಗೆ ಬಂದರೆ ಮೊದಲು ಎಣಿಸುವ ಅಭ್ಯಾಸ, ಬಳ್ಳಿಸಾಲು ಎಣಿಸಿದ ಹಾಗೆ. ತಟ್ಟೆ ನೋಡಿದರು.

"ಬಿರಡೆ ಐದೇ ಇವೆ."

"ಆರನೇದು ತೆಗೆಯೋವಾಗ ಮುರೀತು," ಎಂದಳು ಅಕ್ಕ. ಅಷ್ಟು ಸಲೀಸಾಗಿ ಬಂತು ಮಾತು.

"ಹಳೇ ಬಿರಡೆ ಹಾಗೇ," ಎಂದರು ಅವರು.

ಆರೂವರೆಗೆ ಊಟ ಶುರುವಾಯಿತು. ಹೂವಿಲ್ಲದ ಮೇಜುಗಳಿಗೆ ತಮ್ಮನ ಹೆಂಡತಿ ಬೇರೆ ಉಪಾಯ ಮಾಡಿದ್ದಳು. ಅಲ್ಲಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಮೊದಲ ತಟ್ಟೆಗೆ ಆಲಿವ್ ಮತ್ತು ಬೇಯಿಸಿದ ಬಿಳಿ ಅವರೆ, ಯಜಮಾನರ ಬಿಳಿ ವೈನು. ಎರಡನೆಯದಕ್ಕೆ ಅಣಬೆಯ ರಿಸೊಟ್ಟೊ, ಮೆತ್ತಗೆ ಬೇಯಿಸಿದ ಅನ್ನ. ಪ್ರತಿ ತಟ್ಟೆಗೂ ಮೊದಲು ಅಕ್ಕ ನಿಂತು ಎರಡು ಮಾತು ಹೇಳಬೇಕು, ಹೇಳಿದಳು. ಜನ ಕಾರ್ಡು ಓದಿ, ಕುಡಿದು, ಓದಿದ್ದನ್ನೇ ರುಚಿಯಲ್ಲಿ ಹುಡುಕಿಕೊಂಡು, ಸಿಕ್ಕಿದ ಕೂಡಲೇ ಪಕ್ಕದವರಿಗೆ ತೋರಿಸುತ್ತಿದ್ದರು. ಪ್ರತಿಸಲದ ಹಾಗೆ ಮುಂದಿನ ಮೇಜು ಹಿಡಿದಿದ್ದ ಹಲ್ಲಿನ ಡಾಕ್ಟರು, "ಅಕ್ಕಾ, ಇದರಲ್ಲಿ ಪೇರಲೆ ಇದೆ ಅಂತ ಬರ್ದಿದ್ದೀರಿ, ನಂಗೆ ಅರ್ಧ ಪೇರಲೆ ಮಾತ್ರ ಸಿಕ್ತು," ಎಂದು ಇಡೀ ಕೋಣೆಗೆ ಕೇಳುವಂತೆ ನಕ್ಕರು. ಮೂರನೇ ತಟ್ಟೆ ಹಿಡಿದು ತಮ್ಮನೇ ಹೊರಗೆ ಬಂದು, "ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅಂತಾರಲ್ಲ, ವೇದಾಂತ ನಮ್ಮಕ್ಕ ಹೇಳ್ತಾಳೆ, ಬದನೆಕಾಯಿ ನಾನು ತಂದಿದ್ದೀನಿ," ಎಂದಾಗ ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗುವಾಗ ಕೆನ್ನೆ ಎರಡೂ ಯಾರದೋ ಅನಿಸಿತು.

ಏಳು ನಲವತ್ತಕ್ಕೆ ನಾಲ್ಕನೇ ವೈನು ಹೋಯಿತು. ಅದರ ಬಗ್ಗೆ ಅವಳು ಒಂದೇ ವಾಕ್ಯ ಹೇಳಿದ್ದಳು: "ಇದು ಮಗಳು ಮಾಡಿದ್ದು." ಗೋಡೆಗೆ ಒರಗಿ ನಿಂತಳು. ಮಗಳು ತನ್ನ ಲೋಟ ಮುಟ್ಟದೆ ಅಪ್ಪನ ಮುಖ ನೋಡುತ್ತಿದ್ದಳು. ಯಜಮಾನರು ಮೂಸಿದರು. ಕುಡಿದರು. ಮಾಂಸದ ಒಂದು ಚೂರು ತಿಂದು ಮತ್ತೆ ಕುಡಿದರು. "ತೊಗಲು!" ಎಂದು ಕೂಗಿದರು ಹಲ್ಲಿನ ಡಾಕ್ಟರು, "ನಂಗೆ ತೊಗಲು ಸಿಕ್ತು!" ಅವರ ಹೆಂಡತಿ, "ನಂಗೆ ಪಿಸುಮಾತೂ ಕೇಳಿಸ್ತಪ್ಪ," ಎಂದರು. ಅದ್ಭುತ, ಅದ್ಭುತ ಎಂಬ ಮಾತು ಒಂದು ಮೇಜಿನಿಂದ ಇನ್ನೊಂದಕ್ಕೆ ಉಪ್ಪಿನ ಡಬ್ಬಿಯಂತೆ ದಾಟಿತು. ಇವರನ್ನೆಲ್ಲ ಎಬ್ಬಿಸಿ ಸಾಲಾಗಿ ಮನೆಗೆ ಕಳಿಸಬೇಕು ಅನ್ನಿಸಿತು ಅಕ್ಕನಿಗೆ. ಒಬ್ಬರಾದರೂ, ಮೂವತ್ತಾರರಲ್ಲಿ ಒಬ್ಬರಾದರೂ, ಇದೇನಮ್ಮ ಸತ್ತ ವೈನು ಎಂದು ಗದರಬಾರದೆ? ಗದರಿದ್ದರೆ ಹೇಳಲು ಅರ್ಧ ದಾರಿ ಆಗುತ್ತಿತ್ತು. ಈಗಲೂ ಯಾರೂ ಕೇಳುತ್ತಿಲ್ಲ.

ಯಜಮಾನರು ಲೋಟ ಕೆಳಗಿಟ್ಟು ಮಗಳ ಕೈ ಮೇಲೆ ಕೈ ಇಟ್ಟರು. ಬೈಯಲಿಲ್ಲ. ಬೈದಿದ್ದರೂ ಆಗುತ್ತಿತ್ತು.

"ತಪ್ಪೇನಿಲ್ಲ ಮಗಾ. ಅವತ್ತು ನಾನು ಹೇಳಿದ್ದು ಇದನ್ನೇ. ಹಣ್ಣು ಬಳ್ಳಿ ಮೇಲೆ ಜಾಸ್ತಿ ಕೂತರೆ ಬಣ್ಣ ಬರುತ್ತೆ, ಜೀವ ಹೋಗುತ್ತೆ. ನಿಂಗಾಗ ಚಿಕ್ಕ ವಯಸ್ಸು."

ಮಗಳು ಈಗ ಲೋಟ ಎತ್ತಿದಳು, ಮೂಸಿದಳು, ಒಂದು ಗುಟುಕು ಕುಡಿದಳು. ತನ್ನ ನೆನಪನ್ನೇ ಅನುಮಾನಿಸುವವಳ ಹಾಗೆ ಲೋಟದೊಳಗೆ ನೋಡಿದಳು.

"ಹೂಂ ಅಪ್ಪಾ," ಎಂದಳು. "ನಾನೇ ತಡ ಮಾಡಿದೆ."

ಗೋಡೆಯಿಂದ ಆ ಮೇಜಿಗೆ ಏಳು ಹೆಜ್ಜೆ. ಅಕ್ಕ ಆಗಲೇ ಆ ಮೇಜಿನ ಪಕ್ಕ ಇದ್ದಳು.

"ಯಜಮಾನ್ರೇ, ಅದು ವೈನಿನ ತಪ್ಪಲ್ಲ. ನನ್ನದು. ಆರು ಬಾಟಲೀಲಿ ಒಂದರ ಬಿರಡೆ ಕೆಟ್ಟಿತ್ತು. ನಾನು ಮೂಸದೆ ಸುರಿದೆ. ಎಲ್ಲಾ ಹಾಳಾಯ್ತು."

ಯಜಮಾನರು ತಲೆಯೆತ್ತಿ ನೋಡಿದರು. ನಿಧಾನವಾಗಿ ನಕ್ಕರು.

"ಅಕ್ಕಾ, ನೀವು ದೊಡ್ಡ ಮನಸ್ಸಿನವರು. ಆದ್ರೆ ಬೇಡ. ನನ್ನ ಮಗಳು ಇದನ್ನ ತಡ್ಕೋತಾಳೆ."

"ಮನಸ್ಸಿನ ಮಾತಲ್ಲ ಇದು. ಮೂಸದೆ ಸುರಿದೆ."

"ಅಕ್ಕ ಯಾವತ್ತೂ ಹೀಗೇ," ಎಂದಳು ನೀರಿನ ಹೂಜಿ ಹಿಡಿದು ಹತ್ತಿರ ಬಂದ ತಮ್ಮನ ಹೆಂಡತಿ, ಕಣ್ಣಂಚು ಒದ್ದೆ ಮಾಡಿಕೊಂಡು, "ಇನ್ನೊಬ್ಬರ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೋತಾರೆ."

"ನಾನಾ? ಯಾವತ್ತು? ಒಂದು ದಿನ ಹೇಳು ನೋಡೋಣ!" ಅಕ್ಕನ ಧ್ವನಿ ಏರಿತು. ಜನ ತಿರುಗಿದರು. "ಬಾಟಲಿ ತರ್ತೀನಿ, ನೀವೇ ಮೂಸಿ. ಖಾಲಿ ಬಾಟಲಿ ಎಲ್ಲಿಟ್ಟೆ ನೀನು?"

"ಹೂ ಬೇಡ ಅಂದ್ರಲ್ಲ, ಅದಕ್ಕೇ..." ತಮ್ಮನ ಹೆಂಡತಿ ಮೇಜುಗಳ ಕಡೆ ಕೈ ತೋರಿಸಿದಳು. ಆರು ಬಾಟಲಿ, ಆರು ಮೇಜು, ಆರು ಮೇಣದಬತ್ತಿ. "ಚೆನ್ನಾಗಿ ಸೋಪು ಹಾಕಿ ತೊಳೆದೇ ಇಟ್ಟಿದ್ದೀನಿ ಅಕ್ಕ, ವಾಸನೆ ಬರಬಾರದು ಅಂತ."

"ಬಿರಡೆ?" ಎಂದರು ಯಜಮಾನರು. "ಮುರೀತು ಅಂದಿದ್ರಿ."

"ಸುಳ್ಳು ಹೇಳಿದ್ದೆ. ಸಿಪ್ಪೆ ಬುಟ್ಟಿಗೆ ಹಾಕ್ದೆ."

"ಆಗ ಹೇಳಿದ್ದು ಸುಳ್ಳು. ಈಗ ಹೇಳ್ತಿರೋದು?" ಅವರು ಕೇಳಿದ್ದು ಕೋಪದಿಂದಲ್ಲ, ಲೆಕ್ಕ ಒಪ್ಪುತ್ತಿಲ್ಲ ಎನ್ನುವವರ ಹಾಗೆ. ಬುಟ್ಟಿಯನ್ನು ಐದೂವರೆಗೇ ಕಸದ ಗಾಡಿ ಒಯ್ದಾಗಿತ್ತು. ನಿಜ ಹೇಳುವುದು ಇಷ್ಟು ಕಿರಿಕಿರಿಯ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಮೂರು ಗಂಟೆ ಹೊತ್ತುಕೊಂಡು ತಿರುಗಿದ್ದನ್ನು ಕೊನೆಗೂ ಕೆಳಗಿಟ್ಟರೆ, ಎಲ್ಲರೂ ಸೇರಿ ಮತ್ತೆ ಎತ್ತಿ ಅವಳ ತೋಳಿಗೇ ಕೊಡುತ್ತಿದ್ದಾರೆ, ಹಾರ ಹಾಕಿ.

ಗದ್ದಲ ಕೇಳಿ ತಮ್ಮ ಕೈ ಒರೆಸಿಕೊಳ್ಳುತ್ತ ಬಂದ. ವಿಷಯ ತಿಳಿದು ಅಕ್ಕನ ಹೆಗಲ ಮೇಲೆ ತೋಳು ಹಾಕಿದ. ಮೇಜು ಬಿಗಿಯಾದಾಗ ಅದನ್ನು ಸಡಿಲ ಮಾಡುವುದು ಅವನ ಕಸುಬಿನ ಒಂದು ಭಾಗ.

"ನಮ್ಮಕ್ಕ ಮೂಸದೆ ಸುರಿಯೋದಾ! ಯಜಮಾನ್ರೇ, ಈ ಮನೇಲಿ ಮೂಸದೆ ಸುರಿದವನು ಒಬ್ಬನೇ, ನಾನು. ಆರು ವರ್ಷ ನಂಗೆ. ಅಮ್ಮನಿಗೆ ಜ್ವರ. ಮೂಲೆ ಮನೆಯ ಹಿತ್ತಾಳೆ ತಂಬಿಗೆ, ಇಷ್ಟು ಭಾರ, ಎರಡೂ ಕೈಲಿ ಹಿಡ್ಕೊಂಡು..."

"ಅದೂ ನಾನೇ ಸುರಿದದ್ದು," ಎಂದಳು ಅಕ್ಕ.

"ಏನು?"

"ಆ ಹಾಲು. ನೀನು ಮುಚ್ಚಳ ಹಿಡ್ಕೊಂಡು ನಿಂತಿದ್ದೆ, ಅಷ್ಟೆ. ಸುರಿದದ್ದು ನಾನು. ಕಥೆ ಪುಸ್ತಕ ಓದ್ತಾ ಇದ್ದೆ. ನಿನಗೆ ಹೊಡೆಯೋವಾಗ ನೋಡ್ತಾ ನಿಂತಿದ್ದೆ."

ಅವನ ತೋಳು ಹೆಗಲ ಮೇಲೆ ಇನ್ನೂ ಒಂದಷ್ಟು ಹೊತ್ತು ಇತ್ತು, ಅಲ್ಲಿಡಲಾದ ವಸ್ತುವಿನ ಹಾಗೆ. ಹೇಳುತ್ತಿದ್ದ ತಮಾಷೆಯ ನಗು ಅವನ ಮುಖದಲ್ಲಿ ಉಳಿದೇ ಇತ್ತು. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ತೋಳು ತೆಗೆದ.

"ತಂಬಿಗೆ ಹಿತ್ತಾಳೆದೇ ತಾನೇ?" ಎಂದು ಕೇಳಿದ.

"ಸ್ಟೀಲಿಂದು."

ಅವನು ತಲೆಯಾಡಿಸಿದ. ಅಡುಗೆಮನೆಯ ಕಡೆ ಹೋದ.

ಯಜಮಾನರು ಅಷ್ಟು ಹೊತ್ತೂ ನೋಡಿದ್ದು ಅಕ್ಕನನ್ನಲ್ಲ, ತಮ್ಮನ ಮುಖವನ್ನು. ಬಾಗಿಲು ಮುಚ್ಚಿಕೊಂಡ ಮೇಲೆ ತಮ್ಮ ಲೋಟವನ್ನು ತಟ್ಟೆಯಿಂದ ದೂರ ಸರಿಸಿದರು.

"ಹಾಗಾದ್ರೆ ನಾನು ಇದರ ಬಗ್ಗೆ ಏನೂ ಹೇಳಲ್ಲ," ಎಂದರು. "ಕುಡಿಯದ್ದರ ಬಗ್ಗೆ ಹೇಗೆ ಹೇಳ್ಲಿ?"

"ಇನ್ನು ಇಲ್ಲ ಅಪ್ಪಾ," ಎಂದಳು ಮಗಳು. "ಆರೇ ಇದ್ದದ್ದು." ಅವಳ ಧ್ವನಿಯಲ್ಲಿ ಕ್ಷಮೆಯೂ ಇರಲಿಲ್ಲ, ಕೃತಜ್ಞತೆಯೂ ಇರಲಿಲ್ಲ. ಅಕ್ಕನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡಳು ಅಕ್ಕ. ಬೈಯಲಿ ಎಂದೂ ಆಸೆಪಟ್ಟಳು. "ಎಷ್ಟನೇದು ಮೂಸದೆ ಇದ್ದದ್ದು?"

"ಆರನೇದು."

"ಹಾಗಾದ್ರೆ ಐದು ಮೂಸಿದ್ರಿ."

"ಮೂಸಿದೆ."

"ಹೇಗಿತ್ತು?"

ಹನ್ನೊಂದು ವರ್ಷ ಮಾಗಿದ ಆ ವೈನನ್ನು ಈ ಪ್ರಪಂಚದಲ್ಲಿ ಕಂಡವಳು ತಾನೊಬ್ಬಳೇ ಎಂಬುದು ಅಕ್ಕನಿಗೆ ಆಗ ಹೊಳೆಯಿತು. ಮೇಜಿನ ಮೇಲೆ ಕಾರ್ಡು ಇತ್ತು, ಕಾಡುಹಾದಿ, ಪಿಸುಮಾತು. ಅದನ್ನು ಬೋರಲು ಹಾಕಿದಳು. ಮೂರು ಸಲ ತೋಟಕ್ಕೆ ಹೋದಾಗ ಈ ಮುದುಕರೆದುರು ಹುಡುಗಿಯ ಪರವಾಗಿ ಎಷ್ಟೊಂದು ಮಾತಾಡಿದ್ದಳು, ಒಂದು ಹನಿಯೂ ಕುಡಿಯದೆ. ಈಗ ಕುಡಿದಿದ್ದಾಳೆ, ಮಾತಿಲ್ಲ.

"ಬಿಸಿಲಲ್ಲಿ ಒಣಗಿದ ಚೆರ್ರಿ ಹಣ್ಣು," ಎಂದಳು. "ಸ್ವಲ್ಪ ಚಹಾ ಸೊಪ್ಪು. ಕೊನೇಲಿ ಕಿತ್ತಳೆ ಸಿಪ್ಪೆಯ ಕಹಿ, ತುಂಬಾ ಹೊತ್ತು. ಎರಡನೇ ಬಾಟಲೀಲಿ ಕಹಿ ಜಾಸ್ತಿ, ನಾಲ್ಕನೇದರಲ್ಲಿ ಕಮ್ಮಿ."

"ಜೀವ ಇತ್ತಾ?" ಎಂದು ಕೇಳಿದರು ಯಜಮಾನರು.

"ಇಪ್ಪತ್ತಮೂರು ವರ್ಷದಿಂದ ಕೆಲಸದ ಹೊತ್ತಲ್ಲಿ ನಾನು ಒಂದು ಹನಿ ನುಂಗಿದವಳಲ್ಲ, ಎಲ್ಲಾ ಉಗುಳ್ತೀನಿ. ಇಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಐದನೇದನ್ನ ನುಂಗಿದೆ."

ಯಜಮಾನರ ಎದುರಿಗಿದ್ದ ಬಾಟಲಿಯಲ್ಲಿ ಮೇಣದಬತ್ತಿ ಉರಿಯುತ್ತಿತ್ತು; ಅದನ್ನು ಊದಿ ಆರಿಸಿ, ಬಾಟಲಿಯ ಮೇಲಿದ್ದ ಚೀಟಿಯಲ್ಲಿ ಕೊಯ್ಲಿನ ತಾರೀಖನ್ನು ಕಣ್ಣು ಕಿರಿದು ಮಾಡಿ ಓದಿದರು.

ಐದನೇ ತಟ್ಟೆ, ಬಾದಾಮಿ ಬಿಸ್ಕತ್ತು ಮತ್ತು ಸಿಹಿ ವೈನು, ಹನ್ನೆರಡು ನಿಮಿಷ ತಡವಾಗಿ ಬಂತು. ತಂದವನು ತಮ್ಮನಲ್ಲ. ಆ ವರ್ಷ ಆ ತೋಟದಲ್ಲಿ ಕೊಯ್ಲು ಯಜಮಾನರು ಗುರುತು ಹಾಕಿದ್ದ ದಿನಕ್ಕಿಂತ ಐದು ದಿನ ತಡವಾಗಿ ಶುರುವಾಯಿತು.